ಮೊದಲು ಡ್ರಾ ಹೊರಗೆ ಎಳೆದು ನೋಡಿ

ಹೋದ ತಿಂಗಳು ನನ್ನ ತಂಗಿ ಕಲಬುರಗಿಯಲ್ಲಿ ಒಂದು ಡ್ರೆಸ್ಸಿಂಗ್ ಟೇಬಲ್ ತಗೊಂಡಳು. 28,000 ರೂಪಾಯಿ. ಬಾಗಿದ ಕಾಲು, ಕನ್ನಡಿ ಸುತ್ತ ಹೂಬಳ್ಳಿ, ಹಿತ್ತಾಳೆ ಬಣ್ಣದ ಹಿಡಿಕೆ, ಆರು ಡ್ರಾ. "ಅಕ್ಕಾ, ನಿಜಾಮರ ಕಾಲದ್ದಂತ. ಪೂರಾ ಸಾಗವಾನಿ ಅಂತ ಅಂಗಡಿಯವರೇ ಹೇಳ್ಯಾರ" ಅಂದಳು. ಅವಳ ಖುಷಿ ನೋಡಿ ನನಗೆ ಏನೂ ಹೇಳೋಕೆ ಮನಸ್ಸು ಬರಲಿಲ್ಲ. ಆದರೆ ಮೇಲಿನ ಡ್ರಾ ಎಳೆದಾಗಲೇ ಅನುಮಾನ ಬಂದಿತ್ತು. ಸಾಗವಾನಿ ಅಷ್ಟು ಹಗುರ ಇರೋದಿಲ್ಲ.

ಮರುದಿನ ನಮ್ಮ ಓಣಿಯ ಬಡಿಗೇರ ಕಾಕಾ ಅವರನ್ನು ಕರೆದುಕೊಂಡು ಹೋದೆ. ಅವರು ಮುಂಭಾಗ ನೋಡಲೇ ಇಲ್ಲ. ಡ್ರಾ ಪೂರ್ತಿ ಹೊರಗೆ ತೆಗೆದು ನೆಲದ ಮೇಲೆ ಬೋರಲು ಹಾಕಿದರು. ತಳಕ್ಕೆ ತೆಳು ಹಲಗೆ, ಅದನ್ನು ಹಿಡಿದಿದ್ದು ಸ್ಟೇಪಲ್ ಪಿನ್. ಪಕ್ಕದ ಹಲಗೆಯ ಅಂಚನ್ನು ಉಗುರಿನಿಂದ ಕೆರೆದರು. ರವೆಯಂಥ ಪುಡಿ ಉದುರಿತು. "ಇದು ಕಟಗಿ ಅಲ್ರಿ, ಕಟಗಿ ಪುಡಿ ಒತ್ತಿ ಮಾಡಿದ್ದು. ಕಾಲು, ಮುಂದಿನ ಚೌಕಟ್ಟು ಅಷ್ಟೇ ಕಟಗಿ ಅದ. ಅದೂ ಸಾಗವಾನಿ ಅಲ್ಲ" ಅಂದರು.

ಆಮೇಲೆ ನನ್ನ ಕಣ್ಣು ಆ ಹೂಬಳ್ಳಿ ಮೇಲೆ ಬಿತ್ತು. ಕನ್ನಡಿಯ ಎಡಕ್ಕೊಂದು ಹೂ, ಬಲಕ್ಕೊಂದು ಹೂ. ಎಡಗಡೆ ಹೂವಿನ ಒಂದು ಎಸಳಿನ ತುದಿಯಲ್ಲಿ ಜೀರಿಗೆ ಕಾಳಿನಷ್ಟು ಗುಳಿ. ಬಲಗಡೆ ಹೂವಿನಲ್ಲೂ ಅದೇ ಎಸಳು, ಅದೇ ಗುಳಿ. ಉಳಿ ಹಿಡಿದ ಕೈ ಎರಡು ಸಲ ಒಂದೇ ಥರ ತಪ್ಪೋದಿಲ್ಲ, ಅಲ್ವಾ? ಅಚ್ಚಿನಲ್ಲಿ ತೆಗೆದು, ಅಂಟಿಸಿ, ಮೇಲೆ ಪಾಲಿಶ್ ಬಳಿದಿದ್ದರು. ಬೀದರಿನ ಬಿದರಿ ಕೆಲಸ ನೋಡಿದವರಿಗೆ ಇದು ಬೇಗ ಗೊತ್ತಾಗುತ್ತೆ. ಕೈಯಲ್ಲಿ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸಿದ ಎರಡು ಹೂದಾನಿ ಅಕ್ಕಪಕ್ಕ ಇಡಿ. ಎಲ್ಲೋ ಒಂದು ಎಲೆ ಕೂದಲೆಳೆಯಷ್ಟು ಬೇರೆ ಇದ್ದೇ ಇರುತ್ತೆ.

ಇನ್ನು ನಿಜಾಮರ ಕಾಲ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್‌ನಲ್ಲಿ. ಈ ಟೇಬಲ್ಲಿನ ಹಿಂಭಾಗಕ್ಕೆ ಹೊಡೆದದ್ದು ಎಂಡಿಎಫ್ ಹಲಗೆ, ಅಂದರೆ ಕಟ್ಟಿಗೆಯ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ್ದು. ಅದು ಕಾರ್ಖಾನೆಯಲ್ಲಿ ತಯಾರಾಗೋಕೆ ಶುರುವಾದದ್ದೇ 1960ರ ದಶಕದಲ್ಲಿ, ಅಮೆರಿಕದಲ್ಲಿ. ಪ್ಲಸ್ ತಲೆಯ ಸ್ಕ್ರೂ ಕೂಡ 1930ರ ದಶಕದಲ್ಲಿ ಅಲ್ಲೇ ಬಳಕೆಗೆ ಬಂದದ್ದು. ಹಳೇ ಸಾಮಾನಿನಲ್ಲಿ ಒಂದೆರಡು ಸ್ಕ್ರೂ ರಿಪೇರಿಯಲ್ಲಿ ಬದಲಾಗಿರಬಹುದು, ಒಪ್ಪುತ್ತೇನೆ. ಇಲ್ಲಿ ಒಂದೂ ಬಿಡದೆ ಎಲ್ಲವೂ ಪ್ಲಸ್ಸೇ. ನಮ್ಮ ದೇಶದ 1972ರ ಕಾಯ್ದೆ ಪ್ರಕಾರ ಇಂಥ ವಸ್ತುವನ್ನು ಪುರಾತನ ಅನ್ನಬೇಕಾದರೆ ಕನಿಷ್ಠ 100 ವರ್ಷ ಆಗಿರಬೇಕು.

ನಿಜವಾಗಿ ಹಳೆಯದು ಹೇಗಿರುತ್ತೆ ಅಂತ ತಂಗಿಗೆ ನಮ್ಮ ಅಜ್ಜಿಯ ಮೇಜು ತೋರಿಸಿದೆ. ಅದರ ಡ್ರಾ ಮೂಲೆಯಲ್ಲಿ ಹಲಗೆಗಳು ಬೆರಳಿಗೆ ಬೆರಳು ಹೆಣೆದ ಹಾಗೆ ಕೂತಿವೆ. ಒಂದು ಹಲ್ಲು ಅಗಲ, ಇನ್ನೊಂದು ಸಣ್ಣದು. ತಳಕ್ಕೆ ಕೈ ಹಾಕಿದರೆ ರಂದಾ ಎಳೆದ ಏರುತಗ್ಗು ಬೆರಳಿಗೆ ಸಿಗುತ್ತೆ. ನಮ್ಮ ಬೇಸಿಗೆಯ 42 ಡಿಗ್ರಿ ಬಿಸಿಲು ಎಷ್ಟು ಸಲ ಕಂಡಿದೆಯೋ, ಮೇಲಿನ ಎರಡು ಹಲಗೆ ನಡುವೆ ದಾರದಷ್ಟು ಬಿರುಕು ಬಿಟ್ಟಿದೆ.

ಕಾರ್ಖಾನೆ ಮಾಲು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ತಂಗಿ ಟೇಬಲ್ಲಿನ ಕನ್ನಡಿ ಚೆನ್ನಾಗಿದೆ, ಡ್ರಾ ಸಲೀಸಾಗಿ ಓಡುತ್ತವೆ, ನೀರು ತಾಗಿ ಬುಡ ಉಬ್ಬಿಲ್ಲ. ಬಳಸೋಕೆ ಒಳ್ಳೆಯದೇ. ಆದರೆ ಬೆಲೆ ಕಟ್ಟಬೇಕಾದದ್ದು ಆ ಬಳಕೆಗೆ. ಸುಮ್ನೆ ವಯಸ್ಸು ಜಾಸ್ತಿ ಹೇಳಿ ದುಡ್ಡು ಕೇಳೋದು ಮೋಸ. ಇದೇ ಥರದ್ದನ್ನು ನಾನು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ 7,000ಕ್ಕೆ ನೋಡಿದ್ದೇನೆ. ಗಟ್ಟಿ ಕಟ್ಟಿಗೆಯನ್ನು ಉಜ್ಜಿ ಮತ್ತೆ ಪಾಲಿಶ್ ಮಾಡಬಹುದು, ಮಕ್ಕಳಿಗೂ ಬರುತ್ತೆ. ಪುಡಿ ಹಲಗೆಯಲ್ಲಿ ಸ್ಕ್ರೂ ಒಮ್ಮೆ ಸಡಿಲವಾದರೆ ಅದೇ ತೂತಿನಲ್ಲಿ ಮತ್ತೆ ಗಟ್ಟಿಯಾಗಿ ಹಿಡಿಯೋದು ಕಷ್ಟ.

ಬಿಲ್ ಹಿಡಿದು ಅಂಗಡಿಗೆ ಹೋದೆವು. ಸಾಗವಾನಿ ಅಂತ ನಾವು ಬರೆದುಕೊಟ್ಟೇವೇನು ಅಂತ ಕೇಳಿದರು. ಬಿಲ್ ನೋಡಿದರೆ ನಿಜ, "ಡ್ರೆಸ್ಸಿಂಗ್ ಟೇಬಲ್ - 1" ಅಂತ ಅಷ್ಟೇ ಇದೆ. ತಂಗಿ ಒಂದು ಮಾತೂ ಆಡದೆ ಹೊರಗೆ ಬಂದಳು. ಅದಕ್ಕೇ ಕೇಳ್ಕೋತೀನಿ: ಮದುವೆಗೆ, ಹೊಸ ಮನೆಗೆ ಅಂತ ತಗೊಳ್ಳೋರು ಯಾವ ಕಟ್ಟಿಗೆ, ಹೊಸದೋ ಹಳೆಯದೋ ಅನ್ನೋದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯೋಕೆ ಹಿಂಜರಿದರೆ ದುಡ್ಡು ಜೇಬಿನಲ್ಲೇ ಇರಲಿ.