ಸ್ಪಷ್ಟನೆ: 'ಕುಕುರ್ರುಕುಕೂ ಪಲೋಮಾ' ಸಾವಿನ ವರದಿಯಲ್ಲ

'ಕುಕುರ್ರುಕುಕೂ ಪಲೋಮಾ' ಹಾಡಿನ ವಿಡಿಯೊ ಜೊತೆ ಒಂದು ಮಾತು ಹರಿದಾಡುತ್ತಿದೆ. ಇದು ಸ್ಪೇನಿನ ಹಾಡು, ಪ್ರೇಯಸಿ ಬಿಟ್ಟುಹೋದ ಮೇಲೆ ಊಟ ಬಿಟ್ಟು ಸತ್ತವನೊಬ್ಬನ ನಿಜ ಕಥೆ ಅಂತ.

ಹಾಡು ಸ್ಪೇನಿನದಲ್ಲ, ಮೆಕ್ಸಿಕೊದ್ದು. 1954ರಲ್ಲಿ ತೊಮಾಸ್ ಮೆಂದೆಸ್ ಬರೆದದ್ದು. ಲೋಲಾ ಬೆಲ್ತ್ರಾನ್ ಅವರ ದನಿಯಲ್ಲಿ ಅಲ್ಲಿ ಮನೆಮಾತಾಯಿತು. 2002ರ ಒಂದು ಸ್ಪೇನ್ ಸಿನಿಮಾದಲ್ಲಿ ಬ್ರೆಜಿಲ್‌ನ ಕಯೆತಾನೊ ವೆಲೋಸೊ ಇದನ್ನು ಹಾಡಿದ್ದಾರೆ. ಗೊಂದಲ ಅಲ್ಲಿಂದ ಬಂದಿರಬಹುದು.

ಇನ್ನು 'ನಿಜ ಕಥೆ'ಯ ಮಾತು. ಇದಕ್ಕೆ ಉತ್ತರ ಹಾಡಿನೊಳಗೇ ಇದೆ. ಅದು ಶುರುವಾಗುವುದೇ 'ದೀಸೆನ್' ಎಂಬ ಸ್ಪ್ಯಾನಿಷ್ ಪದದಿಂದ. ಅಂದರೆ 'ಜನ ಹೇಳ್ತಾರೆ'. ನಮ್ಮ 'ಅಂತೆ' ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ರಾತ್ರಿಯೆಲ್ಲ ಅಳುತ್ತಿದ್ದನಂತೆ. ಊಟ ಮಾಡದೆ ಬರೀ ಕುಡಿಯುತ್ತಿದ್ದನಂತೆ. ಆ ಅಳು ಕೇಳಿ ಆಕಾಶವೇ ನಡುಗಿತಂತೆ! ಸತ್ತ ಮೇಲೆ ಅವನ ಜೀವ ಪಾರಿವಾಳವಾಗಿ, ಬಾಗಿಲು ತೆರೆದ ಖಾಲಿ ಮನೆಗೆ ಬೆಳಗಿನ ಜಾವ ಬಂದು ಹಾಡುತ್ತದಂತೆ. ಅವಳು ಬರಲಿ ಅಂತ ಇನ್ನೂ ಕಾಯುತ್ತಿದೆಯಂತೆ. ಆಕಾಶ ನಡುಗಿದ್ದನ್ನು ನಾವು ಸುದ್ದಿ ಅಂತ ಓದುವುದಿಲ್ಲ, ಅಲ್ವಾ? ಸಾವನ್ನು ಮಾತ್ರ ಹಾಗೆ ಓದುವುದು ಯಾಕೆ?

ರಂಚೇರಾ ಎಂಬ ಇಂಥ ಮೆಕ್ಸಿಕೊ ಹಾಡುಗಳಲ್ಲಿ ವಿರಹದ ನೋವು ಅಳತೆ ಮೀರಿಯೇ ಬರುತ್ತದೆ. ಅದನ್ನು ಸುಳ್ಳು ಅನ್ನಬೇಡಿ. ಪಾರಿವಾಳದ ಕೂಗಾದ 'ಕುಕುರ್ರುಕುಕೂ' ಬಂದಾಗ ದನಿ ತಟ್ಟನೆ ಮೇಲಕ್ಕೆ ಹಾರುತ್ತದೆ. ಅಲ್ಲಿ ಒಮ್ಮೆ ಕಣ್ಣು ಮುಚ್ಚಿ ಕೇಳಿ.