ಕಾಜಾ ಗುಂಡಿ ಬಾಕಿ

ಮಾತು ಕೊಡುವಾಗ ಕೈಮೇಲೆ ಕೈಯಿಡುವುದೂ, ಆ ಮಾತಿಗೆ ತಪ್ಪಿದವನನ್ನು ‘ಕೈಕೊಟ್ಟ’ ಎನ್ನುವುದೂ ನಮ್ಮಲ್ಲಿ ರೂಢಿಯಾಗಿರುವುದರಿಂದ, ಮುಂದೆ ಚಾಚಿದ ಕೈ ಯಾವ ಉದ್ದೇಶದಿಂದ ಬಂದಿದೆಯೆಂದು ತಿಳಿಯುವುದು ಕಷ್ಟ. ವಚನಭಂಗವೆಂಬ ಘನವಾದ ಶಬ್ದವೂ ಇದೆಯಾದರೂ ಅದನ್ನು ಬಳಸಲು ಹರಿಶ್ಚಂದ್ರನ ಮಟ್ಟದ ವ್ಯವಹಾರವೇ ಬೇಕು. ಅಂಗಿ ಹೊಲಿಸುವವನಿಗೆ ‘ಕೈಕೊಡು’ ಸಾಕು. ಮುಂಗಾರು ಕೈಕೊಡುತ್ತದೆ, ಸ್ಕೂಟರು ಕೈಕೊಡುತ್ತದೆ. ಇವು ನಮಗೆ ಎಂದೂ ಮಾತು ಕೊಟ್ಟಿರಲಿಲ್ಲ ಎಂಬುದು ಬೇರೆ ವಿಷಯ. ‘ಕೈ’ಗೆ ‘ಕೂಡು’ ಸೇರಿದರೆ ಆದೇಶಸಂಧಿಯಂತೆ ಕಕಾರವು ಗಕಾರವಾಗಿ ‘ಕೈಗೂಡು’ ಆಗುತ್ತದೆ, ಕೆಲಸವೂ ಆಗುತ್ತದೆ. ‘ಕೈಕೊಡು’ವಿನಲ್ಲಿ ಅದೇ ಕಕಾರ ಅಲ್ಲಾಡದೆ ಕೂತಿದೆ, ಸಂಧಿಗೂ ಕೈಕೊಟ್ಟ ಶಬ್ದವಿದು.

ಇದರ ಪೂರ್ಣಾರ್ಥ ನನಗೆ ತಿಳಿದದ್ದು ನಾದಿನಿಯ ಮದುವೆಯ ಸಮಯದಲ್ಲಿ. ತಿಂಗಳ ಮೊದಲೇ ಅಂಗಿಯ ಬಟ್ಟೆಯನ್ನು ಟೈಲರಿಗೆ ಕೊಡುತ್ತೇನೆಂದು ಹೆಂಡತಿಗೆ ಹೇಳಿ ಹನ್ನೆರಡು ದಿನ ಮೊದಲು ಕೊಟ್ಟದ್ದನ್ನು ಇಲ್ಲಿ ಎತ್ತುವ ಅಗತ್ಯವಿಲ್ಲ. ಟೈಲರು ‘ಮಂಗಳವಾರ ಗ್ಯಾರಂಟಿ ಸಾರ್’ ಎಂದರು. ಮಂಗಳವಾರ ಕರೆಂಟಿರಲಿಲ್ಲ, ಶುಕ್ರವಾರ ಕಾಜಾ ಹಾಕುವ ಹುಡುಗ ಊರಿಗೆ ಹೋಗಿದ್ದ. 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲಿನ ‘ನಾಳೆ ಬಾ’ ಎಂಬ ಬರಹವನ್ನು ಓದಿ ದಿನವೂ ಹಿಂದಿರುಗುತ್ತಿತ್ತೆನ್ನಲಾದ ದೆವ್ವದ ಪಾಡು ನನಗೆ ಆಗ ಅರ್ಥವಾಯಿತು.

ಭಾನುವಾರ, ‘ಎಲ್ಲಾ ಆಗಿದೆ ಸಾರ್, ಕಾಜಾ ಗುಂಡಿ ಅಷ್ಟೇ ಬಾಕಿ’ ಎಂದು ಅವರು ಹೇಳುತ್ತಿರುವಾಗಲೇ, ಅವರ ಬೆನ್ನ ಹಿಂದಿನ ಹಲಗೆಯ ಮೇಲೆ, ನಾನು ಕೊಟ್ಟ ಪ್ಲಾಸ್ಟಿಕ್ ಚೀಲದೊಳಗೇ, ಮಡಿಕೆ ಬಿಚ್ಚದ ತಿಳಿನೀಲಿ ಬಟ್ಟೆಯೂ ಅದರ ಮೂಲೆಗೆ ಗುಂಡುಸೂಜಿಯಿಂದ ಚುಚ್ಚಿದ ಅಳತೆಯ ಚೀಟಿಯೂ ಕಂಡವು. ನನ್ನ ಕಣ್ಣು ಹೋದ ಕಡೆಗೆ ಅವರೂ ತಿರುಗಿ ನೋಡಿ, ಕೊರಳಿನ ಟೇಪನ್ನು ಸರಿಪಡಿಸಿಕೊಂಡು, ‘ಅದು ಬೇರೆಯವರದ್ದು’ ಎಂದರು. ಚೀಟಿಯಲ್ಲಿ ನನ್ನ ಹೆಸರಿನ ಕೆಳಗೆ ಹೊಟ್ಟೆಯ ಸುತ್ತಳತೆ 42 ಎಂದು ಬರೆದಿತ್ತು. ಅದು ಬೇರೆಯವರದ್ದೇ ಎಂದು ಒಪ್ಪಿಕೊಳ್ಳಲು ಒಂದು ಕ್ಷಣ ನನಗೂ ಮನಸ್ಸಾಯಿತು.

ಮದುವೆಗೆ ಐದು ವರ್ಷದ ಹಿಂದಿನ ಅಂಗಿಯನ್ನೇ ತೊಟ್ಟೆ. ಆರತಕ್ಷತೆಯಲ್ಲಿ ವಧೂವರರ ಪಕ್ಕಕ್ಕೆ ನಿಂತು, ಫೋಟೋದವನು ‘ಸ್ಮೈಲ್’ ಎಂದದ್ದಕ್ಕೆ ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟಾಗ, ಹೊಟ್ಟೆಯ ಮೇಲಿನ ಗುಂಡಿ ಕೈಕೊಟ್ಟು ಮಂಟಪದಿಂದ ಕೆಳಗುರುಳಿತು. ಕಾಜಾ ಇತ್ತು, ಗುಂಡಿಯಷ್ಟೇ ಬಾಕಿ. ಆಲ್ಬಮ್ಮಿನ ಉಳಿದೆಲ್ಲ ಫೋಟೋಗಳಲ್ಲಿ ನಾನು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಯಾರಿಗೋ ಭಾಷೆ ಕೊಡುತ್ತಿರುವವನಂತೆ ಕಾಣುತ್ತೇನೆ.