ಬೆನೆಟ್ ಮನೆಯ ಹೆಣ್ಣುಮಕ್ಕಳೂ ನಮ್ಮ ಅತ್ತೆಯೂ

ಇಂಗ್ಲೆಂಡಿನವರು ಪುಸ್ತಕಕ್ಕೂ ಹುಟ್ಟುಹಬ್ಬ ಮಾಡುತ್ತಾರೆ. ಕೇಕು, ಮೇಣದಬತ್ತಿ ಎಲ್ಲಾ ಇರುತ್ತದೆ. ಊದುವವರು ಯಾರು ಅನ್ನುವುದೊಂದೇ ತಕರಾರು.

2013ರ ಜನವರಿ 28ಕ್ಕೆ ಜೇನ್ ಆಸ್ಟಿನ್‌ಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಹೊರಬಂದು ಇನ್ನೂರು ವರ್ಷ ತುಂಬಿತು. ನಾವಾಗ ಬೇಸಿಂಗ್‌ಸ್ಟೋಕ್‌ನಲ್ಲಿದ್ದೆವು. ಅದು ಪೂರ್ತಿ ಆಸ್ಟಿನ್ ಸೀಮೆ. ಆಕೆ ಹುಟ್ಟಿದ ಸ್ಟೀವನ್‌ಟನ್ ಹಳ್ಳಿ ಹತ್ತಿರದಲ್ಲೇ ಇದೆ. ಹರೆಯದಲ್ಲಿ ಕುಣಿಯಲು ನಮ್ಮೂರಿಗೇ ಬರುತ್ತಿದ್ದಳು. ಈ ಕಾದಂಬರಿಯನ್ನು ತಿದ್ದಿ ಅಚ್ಚಿಗೆ ಕಳಿಸಿದ ಚಾಟನ್ ಮನೆಗೆ ಕಾರಿನಲ್ಲಿ ಅರ್ಧ ಗಂಟೆ. ಇಷ್ಟೆಲ್ಲ ಇಟ್ಟುಕೊಂಡು ಸುಮ್ಮನಿರಲು ನಮ್ಮ ಓದುಗರ ಗುಂಪಿಗೆ ಆಗಲಿಲ್ಲ. 28 ಸೋಮವಾರ, ಎಲ್ಲರಿಗೂ ಕೆಲಸ. ಅದಕ್ಕೆ 26ರ ಶನಿವಾರ ಒಂದು ಹಳ್ಳಿಯ ಹಾಲ್ ಬುಕ್ ಮಾಡಿದರು. ಎಲ್ಲರೂ ಆ ಕಾಲದ ಉಡುಪಿನಲ್ಲಿ ಬರಬೇಕು, ಆ ಕಾಲದ ಒಂದು ತಿನಿಸು ತರಬೇಕು, ಒಂದೊಂದು ಭಾಗ ಓದಬೇಕು. ನಮ್ಮ ಗಣರಾಜ್ಯೋತ್ಸವದ ದಿನವೇ ಇಂಗ್ಲಿಷ್ ಕಾದಂಬರಿಗೆ ಹಬ್ಬ ಮಾಡುವ ಯೋಗ ನನ್ನದು.

ಆಗ ಅತ್ತೆ ಮೈಸೂರಿನಿಂದ ಬಂದಿದ್ದರು. ಸೀರೆಯೊಳಗೆ ಥರ್ಮಲ್, ಕಾಲಿಗೆ ಎರಡೆರಡು ಸಾಕ್ಸು. ಹೊರಗೆ ಹಿಮ, ಒಳಗೆ ಬೇಜಾರು. ಅವರ ಧಾರಾವಾಹಿಗಳು ಆ ಮನೆಯ ಟಿವಿಯಲ್ಲಿ ಬರುತ್ತಿರಲಿಲ್ಲ. ಸರಿ, ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ನಾನೇ ಈ ಕಥೆಯನ್ನು ದಿನಕ್ಕೊಂದು ಕಂತಿನಂತೆ ಹೇಳತೊಡಗಿದೆ. ಬೆನೆಟ್ ದಂಪತಿಗೆ ಐದು ಹೆಣ್ಣುಮಕ್ಕಳು. ಆಸ್ತಿಯಿಂದ ವರ್ಷಕ್ಕೆ 2,000 ಪೌಂಡ್ ಬರುತ್ತದೆ, ಆದರೆ ಅದು ಗಂಡು ವಾರಸುದಾರನಿಗೆ ಮಾತ್ರ. ಅಪ್ಪ ಕಣ್ಣು ಮುಚ್ಚಿದ ದಿನ ಮನೆ ದಾಯಾದಿ ಕಾಲಿನ್ಸ್ ಪಾಲು. ಪಕ್ಕದ ಬಂಗಲೆಗೆ ಬಿಂಗ್ಲಿ ಅನ್ನೋ ಬ್ರಹ್ಮಚಾರಿ ಬಾಡಿಗೆಗೆ ಬರುತ್ತಾನೆ. ವರ್ಷಕ್ಕೆ ನಾಲ್ಕೈದು ಸಾವಿರ ಪೌಂಡ್ ಆದಾಯ. ಅವನ ಗೆಳೆಯ ಡಾರ್ಸಿಗೆ ಹತ್ತು ಸಾವಿರ.

"ಮತ್ತೆ ಅಪ್ಪ ಏನ್ ಮಾಡ್ತಿದ್ದ?"

ಅಪ್ಪ ಲೈಬ್ರರಿಯಲ್ಲಿ ಕೂತು ಓದುತ್ತಾನೆ, ಹೆಂಡತಿಯನ್ನು ಗೇಲಿ ಮಾಡುತ್ತಾನೆ ಅಂದೆ. ಗಂಡು ಮಗು ಹುಟ್ಟೇ ಹುಟ್ಟುತ್ತೆ ಅಂತ ನಂಬಿಕೊಂಡು ಒಂದು ಕಾಸೂ ಉಳಿಸಿರಲಿಲ್ಲ ಅಂತಲೂ ಹೇಳಿದೆ. ಅತ್ತೆ ಚಾಕು ಕೆಳಗಿಟ್ಟರು.

ಇಷ್ಟು ವರ್ಷ ಓದಿದವರೆಲ್ಲ ಮಿಸ್ಟರ್ ಬೆನೆಟ್‌ನ ಮಾತಿಗೆ ನಗುತ್ತಾರೆ, ಮಿಸೆಸ್ ಬೆನೆಟ್‌ಳನ್ನು ನೋಡಿ ತಲೆ ಚಚ್ಚಿಕೊಳ್ಳುತ್ತಾರೆ. ನಾನೂ ಹಾಗೇ ಓದಿದ್ದವಳು. ಅತ್ತೆಯ ತೀರ್ಪು ನೇರವಾಗಿ ಉಲ್ಟಾ. ಆ ಮನೆಯಲ್ಲಿ ತಲೆ ಇದ್ದವಳು ಆ ತಾಯಿ ಒಬ್ಬಳೇ ಕಣೇ ಅಂದರು. ಮಳೆ ಬರೋ ಹಾಗಿದೆ ಅಂತ ಗೊತ್ತಿದ್ದೂ ದೊಡ್ಡ ಮಗಳನ್ನು ಗಾಡಿ ಕೊಡದೆ ಕುದುರೆ ಮೇಲೆ ಬಿಂಗ್ಲಿ ಮನೆಗೆ ಕಳಿಸುತ್ತಾಳಲ್ಲ, ನೆಂದರೆ ರಾತ್ರಿ ಅಲ್ಲೇ ಉಳಿಸಿಕೊಳ್ಳುತ್ತಾರೆ ಅಂತ? ನೆಗಡಿ ಬಂದು ಮಗಳು ಅಲ್ಲಿ ಮಲಗಿದಾಗಲೂ, ಅಷ್ಟಕ್ಕೆಲ್ಲ ಯಾರೂ ಸಾಯಲ್ಲ ಅಂತ ನಿಶ್ಚಿಂತೆಯಿಂದ ಇರುತ್ತಾಳಲ್ಲ? ಅದನ್ನು ಕೇಳಿ ಅತ್ತೆಯ ಮುಖದಲ್ಲಿ ಮೂಡಿದ ಮೆಚ್ಚುಗೆಯನ್ನು ನನ್ನ ಯಾವ ಅಡುಗೆಯೂ ಇದುವರೆಗೆ ಪಡೆದಿಲ್ಲ.

ಆಸ್ಟಿನ್‌ಳ ಸ್ವಂತ ಸೋದರತ್ತೆ ಫಿಲಡೆಲ್ಫಿಯಾಳ ಕಥೆಯನ್ನೂ ಹೇಳಿದೆ. ಹೆತ್ತವರಿಲ್ಲ, ಕೈಯಲ್ಲಿ ಕಾಸಿಲ್ಲ. 1752ರಲ್ಲಿ ಹಡಗು ಹತ್ತಿ ನಮ್ಮ ದೇಶಕ್ಕೇ ಬಂದಿಳಿದಳು. ಮರುವರ್ಷ ಕಡಲೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಒಬ್ಬ ಡಾಕ್ಟರನ್ನು ಮದುವೆಯಾದಳು. "ಹುಡುಗಿ ಕಡೆಯವರೇ ಅಷ್ಟು ದೂರ ಬಂದ್ರಾ!" ಅಂತ ಅತ್ತೆ ಗಲ್ಲಕ್ಕೆ ಕೈ ಇಟ್ಟರು. ಆಮೇಲೆ ಸ್ವಲ್ಪ ಯೋಚಿಸಿ, ಡಾಕ್ಟರಾದ್ರೆ ಪರವಾಗಿಲ್ಲ ಅಂದರು.

ಉಡುಪಿನ ವಿಷಯಕ್ಕೆ ಬರುತ್ತೇನೆ. ಆ ಕಾಲದ ಗೌನು ಅಂದರೆ ಎದೆಯ ಕೆಳಗೇ ಸೊಂಟ, ಅಲ್ಲಿಂದ ಪಾದದವರೆಗೆ ಬಿಳಿ ಮಸ್ಲಿನ್. ಒಳ್ಳೆಯ ಮಸ್ಲಿನ್ ಹೋಗುತ್ತಿದ್ದುದು ಬಂಗಾಳದಿಂದ. ಆನ್‌ಲೈನಿನಲ್ಲಿ ತರಿಸಿದ ನನ್ನ ಗೌನನ್ನು ಅತ್ತೆ ಎರಡು ಬೆರಳಲ್ಲಿ ಉಜ್ಜಿ ನೋಡಿ "ಪಾಲಿಯೆಸ್ಟರು" ಅಂದರು. ಅದರ ಕಥೆ ಅಲ್ಲಿಗೆ ಮುಗಿಯಿತು. ತಮ್ಮ ಪೆಟ್ಟಿಗೆಯಿಂದ ತೆಳ್ಳನೆಯ ಹತ್ತಿ ಸೀರೆ ತೆಗೆದು ಕೊಟ್ಟರು. ಎರಡು ಷರತ್ತು. ಕತ್ತರಿ ತಾಗಿಸುವಂತಿಲ್ಲ. ಗಂಡ ಗಟ್ಟಿಮುಟ್ಟಾಗಿ ಇರುವಾಗ ಬೋಳು ಬಿಳಿ ಉಡುವಂತಿಲ್ಲ, ಕೆಂಪು ಅಂಚು ಕಾಣಲೇಬೇಕು. ಹೀಗಾಗಿ ನನ್ನ ಗೌನು ನಿಂತದ್ದು ಸೇಫ್ಟಿ ಪಿನ್ನುಗಳ ಮೇಲೆ.

ಹಿಂದಿನ ವಾರ ಬಿದ್ದ ಹಿಮ ಅಷ್ಟು ಹೊತ್ತಿಗೆ ಕರಗಿತ್ತು. ಹಾಲ್‌ನವರು ಕಾರು ನಿಲ್ಲಿಸಲು ತೋರಿಸಿದ್ದು ಪಕ್ಕದ ಹೊಲ. ಕಾದಂಬರಿಯಲ್ಲಿ ಎರಡನೆಯ ಮಗಳು ಎಲಿಜಬೆತ್ ಕಾಯಿಲೆ ಬಿದ್ದ ಅಕ್ಕನನ್ನು ನೋಡಲು ಮೂರು ಮೈಲಿ ಕೆಸರಲ್ಲಿ ನಡೆದುಹೋಗುತ್ತಾಳೆ. ಅವಳ ಲಂಗಕ್ಕೆ ಆರಿಂಚು ಕೆಸರು ಹತ್ತಿತ್ತು ಅಂತ ಬಿಂಗ್ಲಿಯ ಅಕ್ಕತಂಗಿಯರು ಆಡಿಕೊಳ್ಳುತ್ತಾರೆ. ನನಗೆ ಅಷ್ಟು ಸಾಧಿಸಲು ಮೂರು ಮೈಲಿ ಬೇಕಾಗಲಿಲ್ಲ. ಕಾರಿನ ಬಾಗಿಲು ತೆಗೆದು ಕಾಲು ಕೆಳಗಿಟ್ಟೆ, ಅಷ್ಟೇ. ಕೆಂಪು ಅಂಚು ಬಣ್ಣ ಬಿಟ್ಟು ಬಿಳಿಯ ಮೇಲೆ ಹರಿಯಿತು. ಬಾಗಿಲಲ್ಲಿ ನಿಂತಿದ್ದ ಹೆಂಗಸು ಗಾಬರಿಯಾಗಿ ಫಸ್ಟ್ ಏಡ್ ಡಬ್ಬಿ ತಂದರು.

ಒಳಗೆ ಕೇಕು ಕಾಯುತ್ತಿತ್ತು. ಮೂರು ಸಂಪುಟಗಳ ಆಕಾರ. ಮೊದಲ ಮುದ್ರಣ ಬಂದದ್ದೇ ಮೂರು ಸಂಪುಟದಲ್ಲಿ, ಬೆಲೆ 18 ಶಿಲಿಂಗ್. ಲೇಖಕಿಯ ಹೆಸರು ಅದರ ಮೇಲೆ ಇರಲೇ ಇಲ್ಲ, ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಬರೆದವರಿಂದ ಅಂತಷ್ಟೇ ಇತ್ತು. ಬೇಕರಿಯವರು ಆ ಕೊರತೆ ತುಂಬಿಸಿದ್ದರು. ದೊಡ್ಡ ಅಕ್ಷರದಲ್ಲಿ ‘ಹ್ಯಾಪಿ 200ನೇ ಬರ್ತ್‌ಡೇ ಜೇನ್’ ಅಂತ ಬರೆದಿದ್ದರು. ಜೇನ್ ಹುಟ್ಟಿದ್ದು 1775ರ ಡಿಸೆಂಬರಿನಲ್ಲಿ. ಆ ಲೆಕ್ಕಕ್ಕೆ 237. ಆರ್ಡರ್ ಕೊಟ್ಟವರು ಅಳುವ ಹಾಗಿದ್ದರು. 37 ವರ್ಷ ಕಮ್ಮಿ ಮಾಡಿ ಹೇಳಿದರೆ ಯಾವ ಹೆಂಗಸು ಬೇಡ ಅಂತಾಳೆ ಅಂತ ಯಾರೋ ಸಮಾಧಾನ ಹೇಳಿದರು.

ಕೇಕಿನ ತಪ್ಪನ್ನು ತಿಂದು ಮುಗಿಸಬಹುದು. 2017ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಹತ್ತು ಪೌಂಡಿನ ನೋಟಿನ ಮೇಲೆ ಆಸ್ಟಿನ್ ಚಿತ್ರ ಹಾಕಿ, ಇದೇ ಕಾದಂಬರಿಯಿಂದ ಒಂದು ಮಾತನ್ನು ಆರಿಸಿ ಅಚ್ಚು ಹಾಕಿಸಿತು. ಓದುವುದರಷ್ಟು ಸುಖ ಇನ್ನೊಂದಿಲ್ಲ ಅಂತ ಅದರ ಅರ್ಥ. ಕೇಳಲು ಚೆನ್ನಾಗಿದೆ. ಅದನ್ನು ಹೇಳುವವಳು ಬಿಂಗ್ಲಿಯ ಸೋದರಿ ಕ್ಯಾರೊಲೈನ್. ಡಾರ್ಸಿ ಮೊದಲ ಸಂಪುಟ ಓದುತ್ತಿದ್ದಾನೆ ಅಂತ ಅದರ ಎರಡನೆಯದನ್ನು ಕೈಗೆತ್ತಿಕೊಂಡು, ದೊಡ್ಡದಾಗಿ ಆಕಳಿಸಿ, ಆಮೇಲೆ ಹೇಳುವ ಮಾತು ಅದು. ಸ್ವಲ್ಪ ಹೊತ್ತಿಗೆ ಪುಸ್ತಕ ಪಕ್ಕಕ್ಕೆ ಬಿಸಾಕುತ್ತಾಳೆ. ನೋಟು ಈಗಲೂ ಚಲಾವಣೆಯಲ್ಲಿದೆ. ಆಸ್ಟಿನ್ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು ಅಂತ ನನ್ನ ಗುಮಾನಿ.

ಈ ಪುಸ್ತಕದ ಜಾತಕದಲ್ಲೇ ಎಡವಟ್ಟು ಬರೆದಿದೆ ಅನ್ನಿಸುತ್ತದೆ. 1797ರಲ್ಲಿ ಇದರ ಮೊದಲ ರೂಪವನ್ನು ಆಕೆಯ ಅಪ್ಪ ಲಂಡನ್ನಿನ ಒಬ್ಬ ಪ್ರಕಾಶಕನಿಗೆ ಕಳಿಸಲೇ ಅಂತ ಕೇಳಿದರೆ, ಮರುಟಪಾಲಿನಲ್ಲೇ ಬೇಡ ಅಂದ. ಹದಿನೈದು ವರ್ಷದ ಮೇಲೆ ಕೊಂಡವನು ಎಗರ್ಟನ್ ಅನ್ನೋ ಇನ್ನೊಬ್ಬ ಪ್ರಕಾಶಕ. ಆಕೆ 150 ಪೌಂಡ್ ಕೇಳಿದಳು, ಅವನು 110 ಕೊಟ್ಟು ಹಕ್ಕನ್ನೇ ಕೊಂಡುಕೊಂಡ. ಪುಸ್ತಕ ಕೈಗೆ ಬಂದಾಗ ಲಂಡನ್ನಿನಿಂದ ನನ್ನ ಮುದ್ದು ಮಗು ಬಂತು ಅಂತ ಅಕ್ಕ ಕಸಾಂಡ್ರಾಗೆ ಕಾಗದ ಬರೆದಳು. ಜೊತೆಗೇ ಅಚ್ಚಿನ ತಪ್ಪುಗಳ ದೂರು ಶುರುವಾಯಿತು. ಮೂರನೆಯ ಸಂಪುಟದಲ್ಲಿ ಒಂದು ಕಡೆ ಇಬ್ಬರ ಮಾತು ಸೇರಿ ಒಬ್ಬರದೇ ಆಗಿಬಿಟ್ಟಿತ್ತು. ಅದೇ ಊರಿನ ಮಿಸ್ ಬೆನ್‌ಗೆ, ಬರೆದವಳು ಇವಳೇ ಅನ್ನುವ ಸುಳಿವು ಕೊಡದೆ, ಅಮ್ಮ ಮಗಳು ಗಟ್ಟಿಯಾಗಿ ಓದಿ ಹೇಳಿದರು. ಅಮ್ಮನ ಓದು ರೈಲಿನ ಓಟ. ಪಾತ್ರಗಳು ಅಮ್ಮನಿಗೆ ಚೆನ್ನಾಗಿ ಅರ್ಥವಾಗುತ್ತವೆ, ಆದರೆ ಅವು ಮಾತಾಡಬೇಕಾದ ಹಾಗೆ ಮಾತಾಡಲು ಬರಲ್ಲ ಅಂತ ಮಗಳು ಅಕ್ಕನ ಹತ್ತಿರ ಗೊಣಗಿದ್ದಾಳೆ.

ನಮ್ಮ ಹಾಲ್‌ನಲ್ಲಿ ಓದುವ ಸರದಿ ಬಂದಾಗ ಗಂಡಸರೆಲ್ಲ ಡಾರ್ಸಿ ಪಾತ್ರಕ್ಕೆ ಮುಗಿಬಿದ್ದರು. 1995ರ ಟಿವಿ ಧಾರಾವಾಹಿಯಲ್ಲಿ ಅವನು ಅಂಗಿ ಸಮೇತ ಕೊಳಕ್ಕೆ ಧುಮುಕಿದ್ದೇ ಇದಕ್ಕೆಲ್ಲ ಕಾರಣ. ಪುಸ್ತಕದಲ್ಲಿ ಅಂಥದ್ದೇನೂ ಇಲ್ಲ. ಆದರೂ 2013ರ ಬೇಸಿಗೆಯಲ್ಲಿ ಲಂಡನ್ನಿನ ಹೈಡ್ ಪಾರ್ಕಿನ ಕೆರೆಯಲ್ಲಿ, ಎದೆಮಟ್ಟ ನೀರಿನಿಂದ ಎದ್ದು ಬರುವ ಹನ್ನೆರಡು ಅಡಿ ಡಾರ್ಸಿಯನ್ನು ನಿಲ್ಲಿಸಿಯೇಬಿಟ್ಟರು. ಕಾಲಿನ್ಸ್ ಪಾತ್ರ ಯಾರಿಗೂ ಬೇಡ. ಅದು ಉಳಿದದ್ದು ನಮ್ಮ ಯಜಮಾನರಿಗೆ.

ಕಾಲಿನ್ಸ್ ಎಲಿಜಬೆತ್‌ಗೆ ಮದುವೆ ಪ್ರಸ್ತಾಪ ಮಾಡುವ ಭಾಗ. ಮದುವೆಯಾಗಲು ನನಗಿರುವ ಕಾರಣಗಳು ಇಂತಿವೆ ಅಂತ ಅವನು ನಂಬರು ಹಾಕಿ ಹೇಳುತ್ತಾನೆ. ಒಂದು, ಪಾದ್ರಿಯಾದವನು ಊರಿಗೆ ಮಾದರಿಯಾಗಬೇಕು. ಎರಡು, ನನ್ನ ಸುಖ ಹೆಚ್ಚುತ್ತದೆ. ಮೂರು, ನನಗೆ ಕೆಲಸ ಕೊಟ್ಟ ಲೇಡಿ ಕ್ಯಾಥರಿನ್ ಹೇಳಿದ್ದಾರೆ. ನಮ್ಮ ಯಜಮಾನರು ಇದಕ್ಕಾಗಿ ಅಭ್ಯಾಸವನ್ನೇ ಮಾಡಿರಲಿಲ್ಲ. ಆಫೀಸಿನಲ್ಲಿ ಸೋಮವಾರದ ಸ್ಟೇಟಸ್ ಕಾಲ್‌ನಲ್ಲಿ ಮಾತಾಡುವ ದನಿಯಲ್ಲೇ ಓದಿಕೊಂಡು ಹೋದರು. ಎರಡನೆಯ ಕಾರಣ ಮುಗಿದ ಮೇಲೆ ಎಲ್ಲರಿಗೂ ಸರಿಯಾಗಿ ಕೇಳಿಸ್ತಿದೆಯಾ ಅಂತ ಬೇರೆ ಕೇಳಿದರು. ಜನ ಕಣ್ಣೀರು ಬರುವಷ್ಟು ನಕ್ಕರು. ಎಲಿಜಬೆತ್ ಆಗಿದ್ದವರು ಎಪ್ಪತ್ತು ದಾಟಿದ ನಿವೃತ್ತ ಟೀಚರ್. ಅವರು ಬೇಡ ಅಂದರು. ಯಜಮಾನರು ನಂಬಲಿಲ್ಲ. ಮತ್ತೆ ಬೇಡ ಅಂದರು.

ಮುಂದಿನ ಸಾಲಿನಲ್ಲಿ ಕೂತಿದ್ದ ಅತ್ತೆ ಮಾತ್ರ ನಗಲಿಲ್ಲ. "ನನ್ನ ಮಗನಿಗೆ ಏನು ಕಮ್ಮಿಯಂತೆ ಅವಳಿಗೆ?" ಅಂತ ನನ್ನ ಕಿವಿಯಲ್ಲಿ ಕೇಳಿದರು. ಆಮೇಲೆ ವಾದವನ್ನೂ ಮುಂದಿಟ್ಟರು. ಖಾಯಂ ಕೆಲಸ, ಇರಲು ಮನೆ, ನಾಳೆ ಆಸ್ತಿಯೂ ಅವನದೇ. ಒಪ್ಪಿಕೊಂಡಿದ್ದರೆ ತಾಯಿ ತಂಗಿಯರು ಬೀದಿಗೆ ಬೀಳುವ ಭಯ ಇರುತ್ತಿರಲಿಲ್ಲ. ಗೆಳತಿ ಷಾರ್ಲೆಟ್, ಇಪ್ಪತ್ತೇಳು ವರ್ಷದವಳು, ಮೂರೇ ದಿನದಲ್ಲಿ ಅವನನ್ನು ಒಪ್ಪಿಕೊಂಡದ್ದು ಅತ್ತೆಗೆ ಈ ಕಾದಂಬರಿಯ ಅತ್ಯುತ್ತಮ ಅಧ್ಯಾಯ.

ಊಟಕ್ಕೆ ನಾನು ಒಪ್ಪಿಕೊಂಡಿದ್ದು ವೈಟ್ ಸೂಪ್. ಅದು ತಯಾರಾದ ಕೂಡಲೇ ನೃತ್ಯಕೂಟಕ್ಕೆ ಆಹ್ವಾನ ಪತ್ರಿಕೆ ಕಳಿಸುತ್ತೇನೆ ಅಂತ ಬಿಂಗ್ಲಿ ಹೇಳುತ್ತಾನೆ, ಅಂಥಾ ಪ್ರತಿಷ್ಠೆಯ ಸೂಪು. ಆಗಿನವರು ಕರುವಿನ ಮಾಂಸದ ಸಾರಿಗೆ ಅರೆದ ಬಾದಾಮಿ, ಕೆನೆ ಹಾಕುತ್ತಿದ್ದರು. ನಮ್ಮದು ತರಕಾರಿ ಬೇಯಿಸಿದ ನೀರು. ಬೆಳಿಗ್ಗೆಯೇ ಬಾದಾಮಿ ಅರೆದು, ಕೆನೆ ಸೇರಿಸಿ, ಸಾರನ್ನು ಪಕ್ಕದಲ್ಲಿಟ್ಟು ಪಿನ್ನು ಚುಚ್ಚಿಕೊಳ್ಳಲು ಹೋಗಿದ್ದೆ. ಈಗ ಪಾತ್ರೆಯ ಮುಚ್ಚಳ ತೆಗೆದರೆ ಘಮ್ಮೆಂದು ಏಲಕ್ಕಿ. ಬಣ್ಣ ಚಿನ್ನದ ಹಳದಿ. "ಸಕ್ಕರೆ ಹಾಕೋದು ಮರೆತಿದ್ದೆ ನೀನು, ಕೇಸರೀನೂ ಹಾಕಿರಲಿಲ್ಲ" ಅಂದರು ಅತ್ತೆ. ಸಾರನ್ನು ಸಿಂಕಿಗೆ ಚೆಲ್ಲಿದ್ದೂ ಅವರೇ.

ಇಡೀ ಹಾಲ್‌ನಲ್ಲಿ ಮೊದಲು ಖಾಲಿಯಾದ ಪಾತ್ರೆ ಅದೇ. ಆಸ್ಟಿನ್ ಕಾಲದ ಅಡುಗೆ ಇಷ್ಟು ಚೆನ್ನಾಗಿರುತ್ತೆ ಅಂತ ಗೊತ್ತಿರಲಿಲ್ಲ ಅಂತ ಒಬ್ಬರು ರೆಸಿಪಿ ಕೇಳಿ ಬರೆದುಕೊಂಡರು. ನಾನು ಬಾಯಿ ಬಿಡಲಿಲ್ಲ. ಅತ್ತೆ ಅಳತೆ ಹೇಳಿದರು, ನಾನು ಇಂಗ್ಲಿಷಿಗೆ ಮಾಡಿದೆ.

ಆ ಹೊತ್ತಿಗೆ ಟೀಚರ್ ಬಂದು ಅತ್ತೆಯ ಪಕ್ಕ ಕೂತರು. ಅತ್ತೆಗೆ ಬಹಳ ದಿನದಿಂದ ಒಂದು ಚಿಂತೆ. ಐದರಲ್ಲಿ ಮೂರು ಮದುವೆ ಆಯಿತು, ಕಿಟ್ಟಿ ಮತ್ತು ಆ ಕನ್ನಡಕದ ಹುಡುಗಿ ಮೇರಿ ಏನಾದರು? ಮೇರಿಗೆ ಕನ್ನಡಕ ಕೊಟ್ಟದ್ದು ಅತ್ತೆಯೇ. ಟೀಚರ್ ಬಳಿ ಉತ್ತರ ತಯಾರಿತ್ತು. ಮನೆಯವರು ಕೇಳಿದರೆ ಆಸ್ಟಿನ್ ಅದನ್ನೂ ಹೇಳುತ್ತಿದ್ದಳಂತೆ, ಅಣ್ಣನ ಮಗ ಬರೆದ ಜೀವನಚರಿತ್ರೆಯಲ್ಲಿ ಇದೆ. ಕಿಟ್ಟಿ ಡಾರ್ಸಿಯ ಊರಿನ ಹತ್ತಿರದ ಒಬ್ಬ ಪಾದ್ರಿಯನ್ನು ಮದುವೆಯಾದಳು. ಮೇರಿಗೆ ಸಿಕ್ಕಿದ್ದು ಲಾಯರ್ ಚಿಕ್ಕಪ್ಪನ ಆಫೀಸಿನ ಒಬ್ಬ ಗುಮಾಸ್ತ.

ಅತ್ತೆ ಬಾದಾಮಿ ಹಾಲಿನ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಕೇಳೇ ಅವರನ್ನ. ಪೆನ್ಶನ್ ಇತ್ತಂತಾ?"